ಭತ್ತದ ಗದ್ದೆಗೆ ಯಾವ ಸಾರಜನಕ ಗೊಬ್ಬರ? ನಾನು ಹಾಕಿ ನೋಡಿದ್ದು

ಹೊಳೆನರಸೀಪುರ ಕಡೆ ನಾಲೆ ನೀರಿನ ಗದ್ದೆ ನಮ್ಮದು. ಗೊರೂರು ಅಣೆಕಟ್ಟೆಯಿಂದ ನೀರು ಬಿಟ್ಟ ಮೇಲೆ ಒಟ್ಲು, ಅಂದರೆ ಸಸಿಮಡಿ, ಆಮೇಲೆ ನಾಟಿ. ನಾಟಿ ಮುಗಿದ ಕೂಡಲೇ ಎಲ್ಲರೂ ಓಡುವುದು ಯೂರಿಯಾ ಚೀಲಕ್ಕೆ. ಅದು ಸಿಗದಿದ್ದರೆ "ಇದು ತಗೊಂಡ್ಹೋಗಣ್ಣ, ಎಲ್ಲಾ ಒಂದೇ" ಅಂತ ಅಂಗಡಿಯಲ್ಲಿ ಕೊಟ್ಟಿದ್ದನ್ನು ಹೊತ್ತು ತರುತ್ತಾರೆ. ಎಲ್ಲಾ ಒಂದೇ ಅಲ್ಲ. ಅದನ್ನು ನೋಡೋಣ ಅಂತಲೇ ಅಕ್ಕಪಕ್ಕದ ಮೂರು ಮಡಿಗೆ ಒಂದೇ ತಳಿ, ತನು, ನಾಟಿ ಮಾಡಿಸಿ ಮೇಲುಗೊಬ್ಬರ ಮಾತ್ರ ಬೇರೆ ಬೇರೆ ಹಾಕಿದೆ. ಒಂದಕ್ಕೆ ಯೂರಿಯಾ, ಒಂದಕ್ಕೆ ಅಮೋನಿಯಂ ಸಲ್ಫೇಟ್, ಇನ್ನೊಂದಕ್ಕೆ ಶುಂಠಿಗೆ ತಂದು ಉಳಿದಿದ್ದ ಸಿಎಎನ್, ಅಂದರೆ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕೆಜಿ ಸಾರಜನಕ ಅಂತ ಶಿಫಾರಸು, ಅಂದರೆ ಎಕರೆಗೆ 40 ಕೆಜಿ. ಯೂರಿಯಾದಲ್ಲಿ 46% ಇದೆ, 45 ಕೆಜಿ ಚೀಲದಲ್ಲಿ 20.7 ಕೆಜಿ ಆಯ್ತು. ಅಮೋನಿಯಂ ಸಲ್ಫೇಟ್‌ನಲ್ಲಿ ಇರುವುದು 20.5%, 50 ಕೆಜಿ ಚೀಲದಲ್ಲಿ ಬರೀ 10 ಕೆಜಿ ಚಿಲ್ಲರೆ. ಒಂದು ಚೀಲ ಯೂರಿಯಾಕ್ಕೆ ಎರಡು ಚೀಲ ಬೇಕು. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಅಂತ ಇಟ್ಟುಕೊಂಡರೆ ಸಲ್ಫೇಟ್ ಚೀಲ 132 ರೂಪಾಯಿಗೆ ಸಿಕ್ಕರಷ್ಟೇ ಸಮ, ಅಷ್ಟಕ್ಕೆ ಯಾರು ಕೊಡುತ್ತಾರೆ? ರಂಜಕಕ್ಕೆ ಅಂತ ಡಿಎಪಿ ಗೊಬ್ಬರ ಹಾಕಿದ್ದರೆ ಅದರಲ್ಲೂ 18% ಸಾರಜನಕ ಇದೆ, ಅದನ್ನು ಆ 40 ಕೆಜಿಯಲ್ಲಿ ಕಳೆಯಬೇಕು. ಬಹಳ ಜನ ಕಳೆಯುವುದೇ ಇಲ್ಲ.

ಸಲ್ಫೇಟ್ ಹಾಕಿದ ಮಡಿ ಚೆನ್ನಾಗಿಯೇ ಹಸಿರೇರಿತು, ಸುಳ್ಳು ಹೇಳಲ್ಲ. ಗಂಧಕವೂ ಇದೆಯಲ್ಲ ಅದರಲ್ಲಿ. ಆದರೆ ಕೊಯ್ಲಿಗೆ ಬಂದಾಗ ಯೂರಿಯಾ ಮಡಿಗೂ ಅದಕ್ಕೂ ಮೂಟೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸಿಎಎನ್ ಮಡಿ ಬೇಗ ಹಳದಿಗೆ ತಿರುಗಿತು, ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಅದೂ ಕಮ್ಮಿ. ಕಾರಣ ಇದೆ. ಸಿಎಎನ್‌ನ ಸಾರಜನಕದಲ್ಲಿ ಅರ್ಧ ನೈಟ್ರೇಟ್. ನೀರು ನಿಂತ ಕೆಸರಿನಲ್ಲಿ ಗಾಳಿ ಆಡಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನೇ ಒಡೆದು ಗಾಳಿಗೆ ಬಿಟ್ಟುಬಿಡುತ್ತವೆ, ಉಳಿದಿದ್ದು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಶುಂಠಿಗೆ, ಆಲೂಗಡ್ಡೆಗೆ ಅದು ಒಳ್ಳೆಯದೇ. ಧಾರವಾಡ ಕಡೆ ಗೋಧಿ ಬೆಳೆಯುವವರಿಗೂ ತೊಂದರೆ ಇಲ್ಲ, ಅಲ್ಲಿ ಹೊಲದಲ್ಲಿ ನೀರು ನಿಲ್ಲಿಸುವುದಿಲ್ಲವಲ್ಲ. ಕೆಸರುಗದ್ದೆಗೆ ಮಾತ್ರ ಬೇಡ.

ಹಾಗಂತ ಯೂರಿಯಾ ಹೇಗೆ ಹಾಕಿದರೂ ಆಗುತ್ತೆ ಅಂತಲ್ಲ, ನನ್ನ ಪ್ರಕಾರ ಚೀಲ ಯಾವುದು ಅನ್ನುವುದಕ್ಕಿಂತ ಆ ದಿನ ಗದ್ದೆಯಲ್ಲಿ ನೀರು ಎಷ್ಟಿತ್ತು ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಮೊಣಕಾಲುದ್ದ ನೀರಿಗೆ ಬಿಸಿಲಲ್ಲಿ ಎರಚಿದರೆ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಪಾಚಿ ಇದ್ದರಂತೂ ಹಗಲು ನೀರಿನ ಕ್ಷಾರ ಏರುತ್ತದೆ, ಇನ್ನೂ ಬೇಗ ಹೋಗುತ್ತದೆ. ಅದೂ ಅಲ್ಲದೆ ನಮ್ಮಲ್ಲಿ ಗದ್ದೆಯಿಂದ ಗದ್ದೆಗೆ ನೀರು ಹರಿಯುತ್ತದೆ. ಮೇಲಿನವರು ಹಾಕಿದ ಯೂರಿಯಾ ಕೆಳಗಿನವರಿಗೆ ಪುಕ್ಕಟೆ! ನಾನು ನೀರು ಬಸಿದು, ಸಂಜೆ ಹೊತ್ತು ಕೆಸರಿಗೆ ಎರಚಿ, ಕಳೆ ತೆಗೆಯುವ ವೀಡರ್ ಓಡಿಸಿ ಮಣ್ಣಿಗೆ ಸೇರಿಸುತ್ತೇನೆ. ಒಂದೆರಡು ದಿನ ಬಿಟ್ಟು ನೀರು ಕಟ್ಟುತ್ತೇನೆ. ಬಿರುಕು ಬಿಡುವಷ್ಟು ಒಣಗಿಸಬಾರದು. ಒಣಗಿದರೆ ಯೂರಿಯಾದಿಂದ ಮಣ್ಣಿನಲ್ಲಿ ಆದ ಅಮೋನಿಯಂ ಎಲ್ಲ ನೈಟ್ರೇಟಿಗೆ ತಿರುಗುತ್ತದೆ, ಮತ್ತೆ ನೀರು ನಿಂತ ಕೂಡಲೇ ಸಿಎಎನ್‌ಗೆ ಆದ ಗತಿಯೇ ಇದಕ್ಕೂ.

ನಮ್ಮ ತಂದೆ ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ ರಾತ್ರಿಯಿಡೀ ಇಟ್ಟು ಹಾಕುತ್ತಿದ್ದರು. ಅಮೋನಿಯಂ ಹಾಗೆ ನೈಟ್ರೇಟಿಗೆ ತಿರುಗುವುದನ್ನು ಬೇವು ನಿಧಾನ ಮಾಡುತ್ತದೆ. 2015ರಿಂದ ಬೇವು ಲೇಪಿಸಿದ ಯೂರಿಯಾವೇ ಬರುತ್ತಿದೆ, ಆ ಕೆಲಸ ತಪ್ಪಿತು.

ಎಲೆಗೆ ಸಿಂಪಡಿಸುವ ದ್ರವ, ನ್ಯಾನೋ ಯೂರಿಯಾ ಬಗ್ಗೆ ಕೇಳುತ್ತಾರೆ. ಮೊದಲು ಬಂದ 500 ಎಂಎಲ್ ಬಾಟಲಿಯಲ್ಲಿ 4% ಅಂತಿತ್ತು, ಅಂದರೆ 20 ಗ್ರಾಂ ಸಾರಜನಕ. ಆಮೇಲೆ ಪ್ರಮಾಣ ಜಾಸ್ತಿ ಮಾಡಿದ್ದಾರೆ, ಆದರೂ ಗ್ರಾಂ ಲೆಕ್ಕವೇ. ಚೀಲದಲ್ಲಿರುವುದು 20 ಕೆಜಿ. ಚೀಲದ ಬದಲಿಗೆ ಬಾಟಲಿ ಅನ್ನುವ ಮಾತು ನನಗಂತೂ ಒಪ್ಪಿಗೆ ಆಗಿಲ್ಲ.

ಯಾವಾಗ ಹಾಕಬೇಕು ಅನ್ನುವುದಕ್ಕೆ ಎಲೆ ಬಣ್ಣದ ಪಟ್ಟಿ ಇಟ್ಟುಕೊಂಡಿದ್ದೇನೆ, ತಿಳಿಹಸಿರಿನಿಂದ ಕಡುಹಸಿರಿನವರೆಗೆ ನಂಬರ್ ಹಾಕಿದ ಬಣ್ಣಗಳು ಅದರಲ್ಲಿವೆ. ಬೆಳಿಗ್ಗೆ ಹೊತ್ತು, ಎಲೆ ಮೇಲೆ ನನ್ನದೇ ನೆರಳು ಬೀಳುವ ಹಾಗೆ ನಿಂತು ಹತ್ತು ಗಿಡದ ಪೂರ್ತಿ ಬಿಚ್ಚಿದ ಮೇಲಿನ ಎಲೆ ನೋಡುತ್ತೇನೆ. ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಜಾಸ್ತಿ ಎಲೆ 4ನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಯೂರಿಯಾ, ಇಲ್ಲದಿದ್ದರೆ ಸುಮ್ನೆ ವಾಪಸ್. ಕಡುಹಸಿರು ನೋಡಿ ಖುಷಿಪಟ್ಟರೆ ಬೆಂಕಿ ರೋಗ, ಜಿಗಿಹುಳು ಎರಡನ್ನೂ ಕರೆದಂತೆ. ನಮ್ಮ ಕಡೆಯ ಹಳೇ ಭತ್ತದ ತಳಿ ರಾಜಮುಡಿಗಂತೂ ಈ ಲೆಕ್ಕ ಯಾವುದೂ ಹಿಡಿಸುವುದಿಲ್ಲ. ಎತ್ತರದ ಪೈರು ಅದು, ಯೂರಿಯಾ ಸ್ವಲ್ಪ ಹೆಚ್ಚಾದರೆ ಮಲಗಿಬಿಡುತ್ತದೆ. ಅದಕ್ಕೆ ನಾನು ನಾಟಿಗೆ ಮುಂಚೆ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಉತ್ತು ಸೇರಿಸುತ್ತೇನೆ, ಯೂರಿಯಾ ಬೇಕನಿಸಿದರೆ ಒಂದು ಹಿಡಿ.

ಆಲೂರು, ಸಕಲೇಶಪುರ ಕಡೆಯವರಿಗೆ ಒಂದು ಮಾತು. ನಿಮ್ಮ ಮಣ್ಣು ಮೊದಲೇ ಹುಳಿ. ಅಲ್ಲಿ ವರ್ಷ ವರ್ಷ ಅಮೋನಿಯಂ ಸಲ್ಫೇಟ್ ಸುರಿದರೆ ಹುಳಿ ಇನ್ನೂ ಏರುತ್ತದೆ, ಕೊನೆಗೆ ಸುಣ್ಣಕ್ಕೆ ದುಡ್ಡು ಹಾಕಬೇಕು. ನೀರು ಬಸಿಯದ ತಗ್ಗು ಗದ್ದೆಯಲ್ಲಿ ಬೇರು ಕಪ್ಪಾಗುವುದೂ ಉಂಟು. ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಚೀಲ ತನ್ನಿ.