ಸಾಲ ತೀರಿತು, ಈಗ ಕ್ರೆಡಿಟ್ ಕಾರ್ಡ್ ಆಫರ್ ಬರ್ತಿದೆಯಾ? ಹೀಗೆ ಮಾಡಿ

ಕೊನೆಯ ಕಂತು ಕಟ್ಟಿ, ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಕೈಗೆ ಬಂದು, ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಅಂದುಕೊಳ್ಳುವ ಹೊತ್ತಿಗೇ ಮೊಬೈಲಿಗೆ ಮೆಸೇಜ್ ಬರುತ್ತದೆ, 2 ಲಕ್ಷ ಲಿಮಿಟ್‌ನ ಕಾರ್ಡ್ ನಿಮಗಾಗಿ ರೆಡಿ ಇದೆ ಅಂತ. ಅದು ಸುಮ್ನೆ ಬಂದಿದ್ದಲ್ಲ. ಕಂತು ತಪ್ಪಿಸದೆ ಸಾಲ ತೀರಿಸಿದವರ ಸಿಬಿಲ್ ಸ್ಕೋರ್, ಅಂದರೆ ಸಾಲ ಕಟ್ಟುವ ಅಭ್ಯಾಸಕ್ಕೆ ಸಿಗುವ ಅಂಕ, ಸಾಮಾನ್ಯವಾಗಿ ಮೆಲ್ಲಗೆ ಮೇಲೇರುತ್ತದೆ. 300ರಿಂದ 900ರವರೆಗಿನ ಆ ಲೆಕ್ಕದಲ್ಲಿ 750 ದಾಟಿದರೆ ಸಾಲ ಕೊಡುವವರೆಲ್ಲ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಫೋನ್ ಬರುವ ಮುಂಚೆಯೇ ನಿಮ್ಮ ತೀರ್ಮಾನ ಆಗಿರಲಿ.

ಎಲ್ಲಕ್ಕಿಂತ ಮೊದಲು ಕಂತಿನ ದುಡ್ಡಿಗೆ ದಾರಿ ಮಾಡಿ. ತಿಂಗಳಿಗೆ 6,000 ರೂಪಾಯಿ ಕಟ್ಟುತ್ತಿದ್ದರೆ, ಅದೇ ತಾರೀಖಿಗೆ ಅಷ್ಟೇ ದುಡ್ಡು ತಾನಾಗಿಯೇ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗಲಿ. ಕಾರ್ಡ್ ಬೇಕು ಅನ್ನಿಸುವುದು ದುಡ್ಡು ಇದ್ದಾಗ ಅಲ್ಲ. ಫ್ರಿಡ್ಜ್ ಕೆಟ್ಟು ನಿಂತಾಗ, ಜೂನ್‌ನಲ್ಲಿ ಮಕ್ಕಳ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಒಟ್ಟಿಗೆ ಬಂದಾಗ. ನನ್ನ ಪ್ರಕಾರ ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿದಂತೆ.

ಫೋನ್ ಬಂದರೆ ‘ಯೋಚ್ನೆ ಮಾಡಿ ಹೇಳ್ತೀನಿ’ ಅನ್ನಬೇಡಿ, ನಾಳೆ ಮತ್ತೆ ಮಾಡುತ್ತಾರೆ. ‘ಲೈಫ್‌ಟೈಮ್ ಫ್ರೀ ಸರ್, ಡಾಕ್ಯುಮೆಂಟ್ ಏನೂ ಬೇಡ, ಒಂದು ಓಟಿಪಿ ಬರುತ್ತೆ, ಹೇಳಿ ಸಾಕು’ ಅನ್ನುತ್ತಾರಲ್ವಾ, ಆ ಓಟಿಪಿಯೇ ನಿಮ್ಮ ಒಪ್ಪಿಗೆ. ಫೋನ್ ಮಾಡಿದವರು ಬ್ಯಾಂಕಿನವರೇ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ‘ನನಗೆ ಕಾರ್ಡ್ ಬೇಡ, ನನ್ನ ಒಪ್ಪಿಗೆ ಇಲ್ಲ’ ಅಂತ ಹೇಳಿ ಇಟ್ಟುಬಿಡಿ. ಆಮೇಲೆ 1909ಕ್ಕೆ START 0 ಅನ್ನುವ ಮೆಸೇಜನ್ನು ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದರೆ ಇಂಥ ಮಾರಾಟದ ಕರೆಗಳು ತಕ್ಕಮಟ್ಟಿಗೆ ಕಮ್ಮಿ ಆಗುತ್ತವೆ.

ಆದರೂ ಮನಸ್ಸು ಎಳೆಯುತ್ತಿದ್ದರೆ ಪೆನ್ನು ಹಿಡಿದು ಈ ಲೆಕ್ಕ ಹಾಕಿ. ಕಾರ್ಡ್‌ನಲ್ಲಿ 50,000 ಬಾಕಿ ಉಳಿಯಿತು ಅಂದುಕೊಳ್ಳಿ. ತಿಂಗಳಿಗೆ 3.5% ಬಡ್ಡಿ ಅಂದರೆ 1,750 ರೂಪಾಯಿ. ಬಡ್ಡಿಯ ಮೇಲೆ 18% ಜಿಎಸ್‌ಟಿ, ಅದು 315. ನೀವು ಕಷ್ಟಪಟ್ಟು 2,500 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 435 ರೂಪಾಯಿ! ಇದರ ಮೇಲೆ ಇನ್ನೊಂದಿದೆ: ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡ ವಸ್ತುಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ, ಬಡ್ಡಿಯಿಲ್ಲದ ಆ ನಲವತ್ತು-ಐವತ್ತು ದಿನ ಸಿಗುವುದೇ ಇಲ್ಲ. ದಸರಾ, ದೀಪಾವಳಿ ಸೇಲ್‌ನಲ್ಲಿ ಬರುವ ನೋ-ಕಾಸ್ಟ್ ಇಎಂಐಗೂ ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಅಂತ ಸೇರಿಕೊಳ್ಳುತ್ತದೆ, ಸಣ್ಣಕ್ಷರ ಓದಿ.

ಕೇಳದೇ ಇದ್ದರೂ ಕಾರ್ಡ್ ಮನೆಗೇ ಬಂದರೆ? ಹೆದರಬೇಡಿ, ಆಕ್ಟಿವೇಟ್ ಮಾಡಲೂ ಬೇಡಿ. ಒಪ್ಪಿಗೆ ಇಲ್ಲದೆ ಕಾರ್ಡ್ ಕೊಡುವುದನ್ನಾಗಲಿ, ಲಿಮಿಟ್ ಹೆಚ್ಚಿಸುವುದನ್ನಾಗಲಿ ರಿಸರ್ವ್ ಬ್ಯಾಂಕಿನ ನಿಯಮ ತಡೆಯುತ್ತದೆ. 30 ದಿನವಾದರೂ ನೀವು ಆಕ್ಟಿವೇಟ್ ಮಾಡದಿದ್ದರೆ ಬ್ಯಾಂಕು ಓಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ನೀವು ಕೊಡದಿದ್ದರೆ ಯಾವ ಖರ್ಚೂ ಇಲ್ಲದೆ ಅವರೇ ಅದನ್ನು ಮುಚ್ಚಬೇಕು.

ಸ್ಕೋರ್ ಬೆಳೆಸಬೇಕಲ್ಲ ಅನ್ನುವವರು ಒಂದು ವರ್ಷ ತಡೆಯಿರಿ. ಆಮೇಲೂ ಬೇಕೇ ಬೇಕು ಅಂದರೆ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಒಂದೇ ಒಂದು ತಗೊಂಡು, ಪೆಟ್ರೋಲೋ ಕರೆಂಟ್ ಬಿಲ್ಲೋ ಒಂದಕ್ಕೇ ಬಳಸಿ, ಪೂರ್ತಿ ಬಿಲ್ ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ ಮಾಡಿ. ನಾಲ್ಕು ಕಡೆ ಅರ್ಜಿ ಹಾಕಿದರೆ ಬ್ಯಾಂಕುಗಳು ಮಾಡಿದ ನಾಲ್ಕೂ ವಿಚಾರಣೆ ನಿಮ್ಮ ಸಿಬಿಲ್ ರಿಪೋರ್ಟ್‌ನಲ್ಲಿ ಕಾಣುತ್ತದೆ, ಸ್ಕೋರ್ ಇಳಿಯುತ್ತದೆ.

ಹಳೇ ಕಾರ್ಡ್ ಡ್ರಾಯರಿನಲ್ಲಿ ಇನ್ನೂ ಇದ್ದರೆ, ಬಾಕಿ ಸೊನ್ನೆ ಇದೆಯಾ ನೋಡಿ, ಮುಚ್ಚಲು ಇಮೇಲ್‌ನಲ್ಲಿ ಬರೆದು ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. 30 ದಿನ ಕಳೆದರೂ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿಗೆ (ಒಂಬುಡ್ಸ್‌ಮನ್) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಅದಕ್ಕೆ ಫೀಸ್ ಇಲ್ಲ.