ಕೇಸ್ ವಾಪಸ್ ಮಾತನ್ನು ಮೊದಲ ದಿನವೇ ಎತ್ತಿದೆ: ನನ್ನ ಅನುಭವ

ಗಂಡನ ಮೇಲೆ ಅಥವಾ ಜೊತೆಗಾರನ ಮೇಲೆ ಕೇಸ್ ಹಾಕಿದ ಹೆಂಗಸರ ಜೊತೆ ಕೋರ್ಟಿಗೆ ಓಡಾಡುವ ಕೆಲಸ ನನ್ನದು. ಹನ್ನೊಂದು ವರ್ಷ ಆಯಿತು. ಮೊದಲ ನಾಲ್ಕೈದು ವರ್ಷ ಹತ್ತು ಜನ ದೂರು ಕೊಟ್ಟರೆ, ಸಾಕ್ಷಿ ಹೇಳುವ ಹೊತ್ತಿಗೆ ಆರೇಳು ಜನ ಹಿಂದೆ ಸರಿದಿರುತ್ತಿದ್ದರು. ಈಗ ಎರಡು, ಜಾಸ್ತಿ ಅಂದರೆ ಮೂರು. ಡೈರಿ ನೋಡದೆ ನೆನಪಿನಿಂದ ಹೇಳುತ್ತಿದ್ದೇನೆ. ಆದರೂ ಈ ಬದಲಾವಣೆ ನಿಜ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಮೊದಲ ಭೇಟಿಯಲ್ಲೇ ನಾನು ಹೀಗೆ ಹೇಳುತ್ತೇನೆ: "ಒಂದು ದಿನ ನಿಮಗೆ ಸಾಕಾಗುತ್ತೆ, ಕೇಸ್ ವಾಪಸ್ ತಗೊಳ್ಳೋಣ ಅನ್ನಿಸುತ್ತೆ. ಆ ದಿನ ಏನು ಮಾಡೋದು ಅಂತ ಇವತ್ತೇ ಮಾತಾಡಿಕೊಳ್ಳೋಣ." ಜೊತೆಯವರು ಬೈದರು. ಸುಮ್ನೆ ಇದ್ದವರ ತಲೆಗೂ ನೀನೇ ಹುಳ ಬಿಡ್ತೀಯ ಅಂದರು. ನಮ್ಮ ಹಿರಿಯ ಲಾಯರೊಬ್ಬರು ಆರು ತಿಂಗಳು ಈ ವಿಷಯಕ್ಕೇ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾನು ಈ ದಾರಿಗೆ ಬಂದಿದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಒಬ್ಬರು ಎರಡು ವರ್ಷ ಗಟ್ಟಿಯಾಗಿ ನಿಂತಿದ್ದರು. ಪಾಟಿ ಸವಾಲಿನ ದಿನ ಎಲ್ಲಾ ಸುಳ್ಳು, ನಾನೇ ಜಾರಿ ಬಿದ್ದಿದ್ದೆ ಅಂದುಬಿಟ್ಟರು. ಹೊರಗೆ ಬಂದ ಮೇಲೆ ಅವರ ಮೇಲೆ ರೇಗಿದೆ. ಅವರು ಮತ್ತೆ ನನಗೆ ಫೋನ್ ಮಾಡಲೇ ಇಲ್ಲ. ಆಮೇಲೆ ಅವರ ತಂಗಿಯಿಂದ ಗೊತ್ತಾಯಿತು. ಅವನ ಸಾಲಕ್ಕೆ ಇವರು ಜಾಮೀನು ಸಹಿ ಹಾಕಿದ್ದರು. ಅವನು ಒಳಗೆ ಹೋದರೆ ಕಂತು ಇವರ ತಲೆಗೆ. ಬಾಡಿಗೆ ಕರಾರೂ ಅವನ ಹೆಸರಲ್ಲೇ. ಎರಡು ವರ್ಷ ಹೊಡೆತದ ಬಗ್ಗೆ ಎಲ್ಲಾ ಕೇಳಿದ್ದೆ. ಸಾಲ ಇದೆಯಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಈಗ ಮೊದಲು ಕೇಳುವುದೇ ದುಡ್ಡಿನ ಲೆಕ್ಕ. ಯಾರ ಹೆಸರಲ್ಲಿ ಏನಿದೆ, ಸಂಬಳ ಯಾರ ಖಾತೆಗೆ ಹೋಗುತ್ತೆ, ಕೋರ್ಟಿನ ದಿನ ರಜೆ ಹಾಕಿದರೆ ಎಷ್ಟು ಕಳೆದುಕೊಳ್ಳುತ್ತೀರಿ. ನಾವು ಕೂಡಿಸಿದ ದುಡ್ಡು ಮುಂಚೆ ಹೆಚ್ಚುಕಡಿಮೆ ಪೂರ್ತಿ ಲಾಯರ್ ಫೀಸಿಗೆ ಹೋಗುತ್ತಿತ್ತು. ಜಗಳ ಆಡಿ ಅದರಲ್ಲಿ ಮೂರನೇ ಒಂದು ಪಾಲು ಬಿಡಿಸಿಕೊಂಡೆ. ಅದು ಹೋಗಿಬರುವ ಖರ್ಚಿಗೆ, ತಪ್ಪಿದ ದಿನದ ಕೂಲಿಗೆ, ಮಗು ನೋಡಿಕೊಳ್ಳುವವರಿಗೆ. ವಾಯಿದೆ ಮುಂದಕ್ಕೆ ಹೋದಾಗಲೂ ಕೊಡಬೇಕು, ಅದು ಮುಖ್ಯ. ಒಂದು ಕೇಸಿನಲ್ಲಿ ಹದಿನಾಲ್ಕೋ ಹದಿನೈದೋ ಸಲ ಮುಂದೆ ಹೋಯಿತು. ಅಷ್ಟು ದಿನದ ದುಡಿಮೆ ಹೋದರೆ ಯಾರು ತಾನೇ ನಿಲ್ಲುತ್ತಾರೆ?

ಹಿಂದೆ ಸರಿಯಲು ಇನ್ನೊಂದು ಕಾರಣ ಫೋನ್. ಸಂಶೋಧಕಿ ಏಮಿ ಬೊನೊಮಿ ಮತ್ತು ಜೊತೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲಿನಿಂದ ಆರೋಪಿಗಳು ಮನೆಗೆ ಮಾಡಿದ ಕರೆಗಳನ್ನು ಅವರು ಕೇಳಿದ್ದರು, 17 ಜೋಡಿಗಳದ್ದು. ಹೆಂಗಸರನ್ನು ಮೆತ್ತಗೆ ಮಾಡಿದ್ದು ಬೆದರಿಕೆಗಿಂತ ಹೆಚ್ಚಾಗಿ ಅವನ ಗೋಳು: ಇಲ್ಲಿ ನನಗೆ ಹೀಗಾಗಿದೆ, ನೀನಿಲ್ಲದೆ ಆಗಲ್ಲ. ಆಮೇಲೆ ಹಳೆಯ ಪ್ರೀತಿಯ ನೆನಪು. ಆಮೇಲೆ ಪೊಲೀಸರೇ ನಮ್ಮಿಬ್ಬರಿಗೂ ಶತ್ರು ಅನ್ನುವ ಮಾತು. ಕೊನೆಗೆ ಹೇಳಿಕೆ ಹೇಗೆ ಬದಲಿಸಬೇಕು ಅಂತ ಇಬ್ಬರೂ ಸೇರಿ ಯೋಚನೆ. ನಾನು ಕಂಡಿದ್ದೂ ಇದೇ ಸಾಲು. ಹಾಗಾಗಿ ಆ ಕರೆಯನ್ನು ಮೊದಲೇ ಅವರ ಕೈಲಿ ಬರೆಸುತ್ತೇನೆ. ಅವನು ಏನೇನು ಹೇಳುತ್ತಾನೆ, ಯಾವ ಕ್ರಮದಲ್ಲಿ ಹೇಳುತ್ತಾನೆ, ಅವನ ಅಮ್ಮನ ಕೈಲಿ ಏನು ಹೇಳಿಸುತ್ತಾನೆ. ಒಬ್ಬರು ಬರೆದದ್ದು ಎಷ್ಟು ಸರಿಯಿತ್ತು ಅಂದರೆ, ಮೂರು ವಾರಕ್ಕೆ ಫೋನ್ ಮಾಡಿ "ಅಕ್ಕ, ಎರಡನೇ ಸಾಲಿನ ತನಕ ಬಂದಿದ್ದಾನೆ" ಅಂದರು.

ಆ ಹಾಳೆ ಎಲ್ಲಿ ಇಡುತ್ತೇವೆ, ಕರೆ ಬಂದ ರಾತ್ರಿ ನಾನು ಅವರನ್ನು ಕೇಳುವ ಒಂದು ಪ್ರಶ್ನೆ ಯಾವುದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಹೊಡೆಯುವವರೂ ಓದುತ್ತಾರೆ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ದೂರು ಕೊಟ್ಟ ವಾರವೇ ನಡೆದದ್ದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಸೋದು, ಮನಸ್ಸು ಅಲ್ಲಾಡಿದಾಗ ಕೇಳಿಸೋದು. ಐದು ಜನರ ಜೊತೆ ಮಾಡಿ ನಿಲ್ಲಿಸಿದೆ. ಒಬ್ಬರಿಗೆ ಅದನ್ನು ಕೇಳಿ ವಾರಗಟ್ಟಲೆ ನಿದ್ದೆ ಬರಲಿಲ್ಲ. ಇನ್ನೊಬ್ಬರ ಫೋನಿನಲ್ಲಿ ಅವನಿಗೇ ಅದು ಸಿಕ್ಕಿತು. ವಾಯಿದೆ ನೆನಪಿಸಲು ಮೆಸೇಜ್ ಕಳಿಸುವುದನ್ನೂ ಆಗಲೇ ಬಿಟ್ಟೆ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ವಾಪಸ್ ತಗೊಂಡವರನ್ನು ಬೈಯಬಾರದು. ಬಿಟ್ಟು ಹೊರಡುವ ಸಮಯವೇ ಜೀವಕ್ಕೆ ಹೆಚ್ಚು ಅಪಾಯ, ಅಲ್ವಾ? ಹೊಡೆತ ಕೊಲೆಯ ತನಕ ಹೋಗಬಹುದಾ ಅಂತ ಅಳೆಯಲು ಅಮೆರಿಕದ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಮಾಡಿದ ಪ್ರಶ್ನೆಪಟ್ಟಿಯಲ್ಲಿ ಕುತ್ತಿಗೆ ಹಿಸುಕಿದ್ದಾನಾ ಅನ್ನುವ ಪ್ರಶ್ನೆ ಸುಮ್ನೆ ಇಲ್ಲ. ಅದಕ್ಕೆ ಹೌದು ಅಂದವರು ಹಿಂದೆ ಸರಿದರೆ, ಬದುಕಿ ಉಳಿಯುವ ಲೆಕ್ಕ ಹಾಕಿಯೇ ಸರಿದಿರಬಹುದು. ಅವನ ಕೋಪದ ಅಳತೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಅದಕ್ಕೇ ಫೈಲ್ ಮುಚ್ಚುವುದಿಲ್ಲ. ಹೋದ ವರ್ಷ ಹಿಂದೆ ಸರಿದ ಒಬ್ಬರು ಎಂಟು ತಿಂಗಳಿಗೆ ಮತ್ತೆ ಬಂದರು, ಕೈಯಲ್ಲಿ ಮಗು. ಬಾಗಿಲಲ್ಲೇ ನಿಂತು "ಬೈತೀರಾ ಅಕ್ಕ?" ಅಂತ ಕೇಳಿದರು. ಹಳೆಯ ಫೋಟೋಗಳು, ಆಸ್ಪತ್ರೆ ಚೀಟಿ, ಅವರದೇ ಕೈಬರಹದ ಹಾಳೆ ಎಲ್ಲಾ ಹಾಗೇ ಇತ್ತು. ಹಾಳೆ ತೆಗೆದು ಮುಂದಿಟ್ಟೆ. ಪೆನ್ ತಗೊಂಡು ಕೆಳಗೆ ಇನ್ನೂ ಮೂರು ಸಾಲು ಸೇರಿಸಿದರು.