ತೆಂಗಿನಕಾಯಿ ಹಿಡಿದು ಉಪಗ್ರಹ ವಿವರಿಸುವುದು ಹೇಗೆ?

ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಆದರೆ ‘ಭೂಸ್ಥಿರ’ ಅಂದರೇನು? ‘ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ’ ಎಂದು ಬರೆದರೆ ತಪ್ಪಿಲ್ಲ, ಕಣ್ಣ ಮುಂದೆ ಏನೂ ಬರುವುದಿಲ್ಲ ಅಷ್ಟೇ. ಇಂಥ ಕಡೆ ಹೋಲಿಕೆ ಬೇಕು.

ಮೊದಲು, ಓದುವವರಿಗೆ ಏನು ತಿಳಿಯಬೇಕು ಅಂತ ಒಂದೇ ಸಾಲು ಬರೆದುಕೊಳ್ಳಿ. ನನ್ನ ಸಾಲು ಇದು: ಮನೆ ಮೇಲಿನ ಟಿ.ವಿ. ಡಿಶ್ಶನ್ನು ಒಮ್ಮೆ ಕೂರಿಸಿದರೆ ಸಾಕು, ದಿನಾ ತಿರುಗಿಸಬೇಕಿಲ್ಲ. ಯಾಕೆ?

ಆಮೇಲೆ ಅವರು ದಿನವೂ ಕೈಯಲ್ಲಿ ಹಿಡಿಯುವ ವಸ್ತು ಹುಡುಕಿ. ಅರಸೀಕೆರೆ ಕಡೆಯವರಿಗೆ ತೆಂಗಿನಕಾಯಿಗಿಂತ ಹತ್ತಿರದ್ದು ಯಾವುದಿದೆ? ಸುಲಿದ ದಪ್ಪ ಕಾಯಿ, ಅಡ್ಡಗಲ 12 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅದೇ ಭೂಮಿ.

ಈಗ ಲೆಕ್ಕ. ದಯವಿಟ್ಟು ಇದನ್ನು ಬಿಡಬೇಡಿ, ಹೋಲಿಕೆ ಸುಳ್ಳಾಗುವುದು ಇಲ್ಲೇ. ಭೂಮಿಯ ಅಡ್ಡಗಲ ಸುಮಾರು 12,700 ಕಿ.ಮೀ. ಉಪಗ್ರಹ ಇರುವುದು ಅದರ 2.8 ಪಟ್ಟು ದೂರದಲ್ಲಿ. ಅಂದರೆ ಕಾಯಿಯಿಂದ 34 ಸೆಂ.ಮೀ., ಹೆಚ್ಚುಕಮ್ಮಿ ಒಂದೂವರೆ ಗೇಣು. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣ ಇದೇ ಅಳತೆಯಲ್ಲಿ ಚಿಪ್ಪಿನಿಂದ ಬರೀ 4 ಮಿ.ಮೀ.! ಗೇಣು ಹಾಕಿ ನೋಡಿದ ಮೇಲೇ ನನಗೂ ಆ ದೂರ ಅರ್ಥವಾದದ್ದು.

ಇನ್ನು ಚಿತ್ರ. ಕಾಯಿಯ ಕಣ್ಣಿರುವ ತುದಿ ಉತ್ತರ ಧ್ರುವ. ನಡುವಿಗೆ ಅಂಟಿಸಿದ ಪೊರಕೆ ಕಡ್ಡಿಯ ತುದಿ ಉಪಗ್ರಹ. ಕಾಯಿ ತಿರುಗಿಸಿದರೆ ಕಡ್ಡಿಯೂ ಜೊತೆಗೇ ತಿರುಗುತ್ತದೆ. ಕಾಯಿ ಮೇಲೆ ಕೂತ ಇರುವೆಗೆ ಕಡ್ಡಿಯ ತುದಿ ಯಾವಾಗಲೂ ಒಂದೇ ಕಡೆ ಕಾಣುತ್ತದೆ. ಆ ಇರುವೆಯೇ ನಮ್ಮ ಡಿಶ್. ಚಿತ್ರದಲ್ಲಿ ಇಷ್ಟು ಹೆಸರು ಸಾಕು, ಸುಮ್ನೆ ಬಣ್ಣ, ನೆರಳು ತುಂಬಬೇಡಿ.

ಬರೆದದ್ದನ್ನು ವಿಷಯ ಗೊತ್ತಿಲ್ಲದವರಿಗೆ ತೋರಿಸಿ. ನಾನು ಪಕ್ಕದ ಮನೆ ಅಜ್ಜಿಗೆ ಕಾಯಿ, ಕಡ್ಡಿ ಹಿಡಿದೇ ತೋರಿಸಿದೆ. ಇರುವೆಯವರೆಗೂ ತಲೆಯಾಡಿಸಿದರು. ಆಮೇಲೆ, “ಅಲ್ಲ ಕಣಪ್ಪ, ಮೇಲೆ ಕಡ್ಡಿ ಎಲ್ಲೈತೆ? ಬಿದ್ದೋಗಲ್ವಾ?” ಅಂದರು.

ಎಂಥ ಪ್ರಶ್ನೆ! ಹೋಲಿಕೆ ಮುಗಿಯುವುದು ಅಲ್ಲೇ. ಅದನ್ನು ಚಿತ್ರದ ಕೆಳಗೇ ಬರೆಯಿರಿ, ಪುಟದ ಕೊನೆಗೆ ತಳ್ಳಬೇಡಿ. ನಾನು ಹೀಗೆ ಸೇರಿಸಿದೆ: ‘ನಿಜದಲ್ಲಿ ಕಡ್ಡಿ ಇಲ್ಲ. ಉಪಗ್ರಹ ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಭೂಮಿಯ ಸೆಳೆತ ಅದರ ದಾರಿಯನ್ನು ಬಗ್ಗಿಸುತ್ತಲೇ ಇರುತ್ತದೆ. ಆ ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಸುತ್ತ ತಾನು ತಿರುಗಲೂ ಅಷ್ಟೇ ಹೊತ್ತು.’

ಮರುದಿನ ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಕಾಯಿಯನ್ನೇ ತಿರುಗಿಸುತ್ತಾ ಕೂತರು. “ಹಂಗಾದ್ರೆ ಓಡೋದು ನಿಂತ್ರೆ ಬೀಳ್ತದೆ ಅನ್ನು” ಅಂದರು.